ಗಾಲ್ಫ್ ಬಗ್ಗಿಯಿಂದ ಕಾಲು ಹೊರಗೆ ಹಾಕಬೇಡಿ

ಪೂರ್ಣಿಮಾ, ನಿನ್ನ ಮೆಸೇಜು ನೋಡ್ದೆ. ಬೀಗರನ್ನ ಹವಾಯಿಯ ಮೌಯಿ ದ್ವೀಪಕ್ಕೆ ಕರ್ಕೊಂಡು ಹೋಗ್ತಿದೀರಿ, ಕಪಾಲುವಾದ ಪ್ಲಾಂಟೇಶನ್ ಗಾಲ್ಫ್ ಕೋರ್ಸಲ್ಲಿ ಅವರನ್ನ ಒಂದು ರೌಂಡ್ ಆಡಿಸ್ಬೇಕು ಅಂತ ಅಳಿಯಂದ್ರಿಗೆ ಆಸೆ. ಅದು ಬೆಟ್ಟದ ಇಳಿಜಾರು, ಬೀಗರ ಮೊಣಕಾಲು ಬೇರೆ ನೋಯತ್ತೆ, ಆಡಿಸೋದಾ ಬೇಡ್ವಾ ಅಂತ ತಾನೆ ನೀನು ಕೇಳಿರೋದು? ಹೇಳ್ತೀನಿ, ಪೂರ್ತಿ ಕೇಳು.

ಮೊದಲು ಬಗ್ಗಿ, ಅಂದ್ರೆ ಕೋರ್ಸಲ್ಲಿ ಓಡಾಡೋ ಸಣ್ಣ ಗಾಡಿ, ಅದರ ವಿಷಯ. ನಮ್ಮ ಭಾವನ ಬಲಗಾಲು ಯಾಕೆ ಹಾಗಾಯ್ತು ಅಂತ ಈ ಗ್ರೂಪಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಹಿಂದಿನ ಬಗ್ಗಿಯಲ್ಲೇ ಇದ್ದೆ. ಬೆಳಿಗ್ಗೆ ಹೊತ್ತು, ಬೆಟ್ಟದ ಕೋರ್ಸು, ಹುಲ್ಲಿನ ಮೇಲೆ ಇಬ್ಬನಿ. ಓಡಿಸ್ತಿದ್ದವರು ಚೆಂಡಿನ ಹತ್ರ ಬೇಗ ಹೋಗೋಣ ಅಂತ ಕಾಂಕ್ರೀಟ್ ದಾರಿ ಬಿಟ್ಟು ಇಳಿಜಾರಿಗೆ ಅಡ್ಡಡ್ಡ ಇಳಿಸಿದ್ರು. ಬಗ್ಗಿಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಕಾರಿನ ಹಾಗೆ ನಾಲ್ಕಕ್ಕೂ ಅಲ್ಲ. ಇಳಿಯುವಾಗ ಭಾರ ಮುಂದಕ್ಕೆ ಹೋಗತ್ತೆ, ಹಿಂದಿನ ಚಕ್ರ ಹಗುರ ಆಗತ್ತೆ. ಆವಾಗ ಜೋರಾಗಿ ಬ್ರೇಕ್ ಒತ್ತಿದ್ರೆ ಒದ್ದೆ ಹುಲ್ಲಲ್ಲಿ ಆ ಚಕ್ರ ನಿಂತುಹೋಗತ್ತೆ, ಆದ್ರೆ ಗಾಡಿ ನಿಲ್ಲಲ್ಲ, ಹಿಂಭಾಗ ತಿರುಗಿಕೊಂಡು ಜಾರತ್ತೆ. ಜಾರಿದ್ದೇ ತಡ, ಭಾವ ಗಾಡಿ ತಡೆಯೋಕೆ ಹೋದ ಹಾಗೆ ಕಾಲು ಹೊರಗೆ ಊರಿದ್ರು. ಬಾಗಿಲಿಲ್ಲದ ಗಾಡಿ, ಎಂಥವರಿಗೂ ಆ ಕ್ಷಣದಲ್ಲಿ ಕಾಲು ತಾನಾಗೇ ಹೋಗತ್ತೆ. ಪಾದ ನೆಲದಲ್ಲಿ ಸಿಕ್ಕೊಳ್ತು, ಗಾಡಿ ಮುಂದೆ ಹೋಯ್ತು. ಕಣಕಾಲು ಮುರೀತು.

ಅದಕ್ಕೇ ಹೇಳ್ತಿದೀನಿ, ಬಗ್ಗಿ ಚಲಿಸ್ತಿರುವಾಗ ಕಾಲು ಹೊರಗೆ ಬೇಡ. ಜಾರಿದ್ರೂ ಸರಿ, ಒಳಗೇ ಇಟ್ಕೊಂಡು ಪಕ್ಕದ ಹಿಡಿ ಹಿಡ್ಕೊಳ್ಳಿ. ಇಳಿಜಾರಲ್ಲಿ ನೇರವಾಗಿ ಹತ್ತಬೇಕು, ನೇರವಾಗಿ ಇಳೀಬೇಕು, ಅಡ್ಡ ಹೋಗ್ಬಾರದು. ವೇಗ ಇಳಿಯೋಕೆ ಮುಂಚೇನೇ ಕಡಿಮೆ ಮಾಡ್ಕೋಬೇಕು, ನಡುವೆ ಅಲ್ಲ. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ 'ಕಟಕ್' ಅಂತ ಕೂರೋವರೆಗೂ ಒತ್ತಿ, ಆಮೇಲೆ ಇಳೀರಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಮನಸ್ಸಲ್ಲಿ ಬಹಳ ದಿನದಿಂದ ಇದೆ. ಭಾವನ್ನ ನೋಡೋಕೆ ಬಂದವರೆಲ್ಲ "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು" ಅಂದೇ ಹೋದ್ರು. ಮದುವೆ ಮನೆಗಳಲ್ಲಿ ಇವತ್ತಿಗೂ ಅದೇ ಮಾತು. ಗಾಡಿ ಓಡಿಸಿದವರಿಗೆ ನಲವತ್ತೂ ಆಗಿರಲಿಲ್ಲ! ಬ್ರೇಕ್ ಹೇಗಿತ್ತು, ಹುಲ್ಲು ಹೇಗಿತ್ತು ಅಂತ ಒಬ್ಬರಾದ್ರೂ ಕೇಳಿದ್ರಾ? ಎಲ್ಲಾನೂ ವಯಸ್ಸಿನ ಮೇಲೆ ಹಾಕಿ ಅವರನ್ನ ಮನೇಲಿ ಕೂರಿಸಿಬಿಟ್ರು. ಕಾಲು ಕೂಡಿಕೊಂಡ ಮೇಲೂ ಅವರು ಗಾಲ್ಫ್ ಬ್ಯಾಗ್ ಮುಟ್ಟಲಿಲ್ಲ, ಅದು ನಂಗೆ ತುಂಬಾ ನೋವು. ವಿಮೆಯವರದೂ ಅದೇ ಕಥೆ. ಕೊಡುವಾಗ ಎಲ್ಲಾ ಸೇರತ್ತೆ ಅಂದ್ರು, ಕೇಳೋಕೆ ಹೋದಾಗ ಕ್ರೀಡೆಯ ಗಾಯಕ್ಕೆ ಇಲ್ಲ ಅಂತ ಸಣ್ಣಕ್ಷರ ತೋರಿಸಿದ್ರು. ನೀವು ಅಮೆರಿಕಕ್ಕೆ ಹೋಗ್ತಿರೋದು, ಅಲ್ಲಿ ಆಸ್ಪತ್ರೆ ಖರ್ಚು ಗೊತ್ತಲ್ಲ. ಪಾಲಿಸಿ ತೆಗೆದು ಗಾಲ್ಫೂ ಬಗ್ಗಿಯೂ ಸೇರಿದ್ಯಾ ನೋಡಿ, ಬರಹದಲ್ಲಿ ಕೇಳಿ ಇಟ್ಕೊಳ್ಳಿ.

ಬೀಗರಿಗೆ ಹಾಗೆ ಮಾಡಬೇಡಿ, ಆಡಿಸಿ. ನಡೆದು ಆಡೋ ಯೋಚನೆ ಮಾತ್ರ ಬೇಡ, ಬಗ್ಗಿಯೇ ಸರಿ. ಆ ಕೋರ್ಸು 1991ರಲ್ಲಿ ಬಿಲ್ ಕೂರ್, ಬೆನ್ ಕ್ರೆನ್‌ಶಾ ವಿನ್ಯಾಸ ಮಾಡಿದ್ದು, ಹಳೇ ಅನಾನಸ್ ತೋಟದ ಜಾಗ. ಪಾರ್ 73, ಅಂದ್ರೆ ಒಳ್ಳೆ ಆಟಗಾರರಿಗೆ ಪೂರ್ತಿ ರೌಂಡಿಗೆ ಅಷ್ಟು ಹೊಡೆತ ಅಂತ ಲೆಕ್ಕ. ಜನವರಿಯಲ್ಲಿ ಅಲ್ಲಿ ನಡೀತಿದ್ದ ವೃತ್ತಿಪರರ ಪಂದ್ಯ ಟಿವಿಯಲ್ಲಿ ನೋಡಿ ಹೆದರಿರ್ತಾರೆ, ಆದ್ರೆ ಫೇರ್‌ವೇಗಳು, ಅಂದ್ರೆ ಚೆಂಡು ಸಾಗೋ ಕತ್ತರಿಸಿದ ಹುಲ್ಲಿನ ದಾರಿ, ತುಂಬಾ ಅಗಲ, ಚೆಂಡು ಕಳೆಯೋದಕ್ಕಿಂತ ದೂರದ ಲೆಕ್ಕ ತಪ್ಪೋದೇ ಜಾಸ್ತಿ.

ಯಾಕೆ ಅಂದ್ರೆ, ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ನೂರಕ್ಕೆ ಮೂರೂವರೆಯಷ್ಟು ಜಾಸ್ತಿ ಹೋಗತ್ತೆ. ಬೀಗರ ಕೈಗೆ ಆ ದೂರವೇ ಅಭ್ಯಾಸ. ಅಲ್ಲಿ ಸಮುದ್ರದ ಪಕ್ಕ, ಇಲ್ಲಿ 150 ಗಜ ಹೋಗೋದು ಅಲ್ಲಿ ಸುಮಾರು 145ಕ್ಕೆ ನಿಲ್ಲತ್ತೆ. ಸಮತಟ್ಟಾದ ಕಡೆ ಅನುಮಾನ ಬಂದ್ರೆ ಒಂದು ಕ್ಲಬ್ (ಹೊಡೆಯೋ ಕೋಲು) ದೊಡ್ಡದು ತಗೋಬೇಕು. ಗ್ರೀನು, ಅಂದ್ರೆ ಕುಳಿ ಇರೋ ನುಣುಪು ಹುಲ್ಲಿನ ಜಾಗ, ಕೆಳಗಿದ್ರೆ ಪ್ರತಿ 3 ಅಡಿ ಇಳಿತಕ್ಕೆ 1 ಗಜ ಕಳೀರಿ, ಮೇಲಿದ್ರೆ ಅಷ್ಟೇ ಕೂಡಿ. ಈಶಾನ್ಯದಿಂದ ಬೀಸೋ ಗಾಳಿ ಮಧ್ಯಾಹ್ನಕ್ಕೆ ಜೋರಾಗತ್ತೆ, ಅದರ ಲೆಕ್ಕ ಬೇರೆ. 18ನೇ ಹೋಲು 660 ಗಜಕ್ಕೂ ಜಾಸ್ತಿ, ಆದ್ರೂ ಇಳಿಜಾರಿಗೆ ಗಾಳಿಯೂ ಸೇರಿ ವೃತ್ತಿಪರರು ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿಸ್ತಾರೆ.

ನಿಲ್ಲೋ ಕ್ರಮ, ಬಲಗೈಯವರಿಗೆ: ಚೆಂಡು ಪಾದಕ್ಕಿಂತ ಮೇಲಿದ್ರೆ ಎಡಕ್ಕೆ ತಿರುಗತ್ತೆ, ಹಿಡಿತ ಒಂದಿಂಚು ಕೆಳಗೆ ತಗೊಂಡು ಸ್ವಲ್ಪ ಬಲಕ್ಕೆ ಗುರಿ. ಪಾದಕ್ಕಿಂತ ಕೆಳಗಿದ್ರೆ ಬಲಕ್ಕೆ ಹೋಗತ್ತೆ, ಮೊಣಕಾಲು ಜಾಸ್ತಿ ಬಗ್ಗಿಸಬೇಕು. ಬೀಗರಿಗೆ ನೋವಾಗೋದು ಇದರಲ್ಲೇ, ಅಂಥ ಕಡೆ ಪೂರ್ತಿ ಸ್ವಿಂಗ್ ಬೇಡ, ಅರ್ಧ ಸ್ವಿಂಗಲ್ಲಿ ಸುಮ್ನೆ ಮುಂದಕ್ಕೆ ಹಾಕಲಿ. ಇಳಿಜಾರಲ್ಲಿ ಕೆಳಮುಖವಾಗಿ ಹೊಡೆಯುವಾಗ ಭುಜ ನೆಲದ ಓರೆಗೇ ಇರಲಿ, ಚೆಂಡು ಸ್ವಲ್ಪ ಬಲಗಾಲಿನ ಕಡೆ. ಚೆಂಡನ್ನ ಎತ್ತೋಕೆ ಹೋದ್ರೆ ಕ್ಲಬ್ ಹಿಂದಿನ ಮಣ್ಣಿಗೇ ಬಡಿಯತ್ತೆ.

ಪಟ್ ಮಾಡುವಾಗ, ಅಂದ್ರೆ ಗ್ರೀನಿನ ಮೇಲೆ ಚೆಂಡನ್ನ ಕುಳಿಗೆ ಉರುಳಿಸುವಾಗ, ಬೆಟ್ಟ ಯಾವ ಕಡೆ, ಸಮುದ್ರ ಯಾವ ಕಡೆ ಅಂತ ಮೊದಲು ನೋಡ್ಕೊಳ್ಳಿ. ಬರ್ಮುಡಾ ಹುಲ್ಲು, ಚೆಂಡು ಸಮುದ್ರದ ಕಡೆ ಎಳೆಯತ್ತೆ, ಕಣ್ಣಿಗೆ ಏರು ಅಂತ ಕಂಡ್ರೂ. ಹುಲ್ಲು ಹೊಳೆಯೋ ಹಾಗೆ ಕಂಡ್ರೆ ಅದರ ದಿಕ್ಕಲ್ಲೇ ಹೋಗ್ತಿದೀರಿ, ಮೆಲ್ಲಗೆ ಹೊಡೀರಿ. ಕಪ್ಪಗೆ ಕಂಡ್ರೆ ಎದುರು, ಸ್ವಲ್ಪ ಜೋರಾಗಿ.

ಅಯ್ಯೋ, ಮುಖ್ಯವಾದದ್ದೇ ಮರೆತಿದ್ದೆ. ಯಾವ ಟೀ ಇಂದ (ಮೊದಲ ಹೊಡೆತ ಹೊಡೆಯೋ ಜಾಗ) ಆಡ್ಬೇಕು ಅನ್ನೋದು. ಅಳಿಯಂದ್ರ ಟೀ ಇಂದ ಬೀಗರು ಆಡಬಾರದು. 5 ಐರನ್ ಅನ್ನೋ ಕ್ಲಬ್ಬಲ್ಲಿ ಚೆಂಡು ಎಷ್ಟು ಗಜ ಹೋಗತ್ತೋ ಅದನ್ನ 36ರಿಂದ ಗುಣಿಸಿ, ಕೋರ್ಸಿನ ಒಟ್ಟು ಉದ್ದ ಆ ಮೊತ್ತಕ್ಕೆ ಹತ್ತಿರ ಬರೋ ಟೀ ಆರಿಸಿ. 140 ಗಜ ಹೋದ್ರೆ ಸುಮಾರು 5000 ಗಜ. ಇಳಿದ ಮಾರನೇ ದಿನಾನೇ ಬುಕ್ ಮಾಡಬೇಡಿ, ನಮಗೂ ಹವಾಯಿಗೂ ಹದಿನೈದೂವರೆ ಗಂಟೆ ವ್ಯತ್ಯಾಸ, ಎರಡು ದಿನ ನಿದ್ದೆ ಆಗಲಿ. ಗಾಳಿ ಕಡಿಮೆ ಇರೋ ಬೆಳಗಿನ ಟೀ ಟೈಮ್ (ಆಟ ಶುರು ಮಾಡೋ ಹೊತ್ತು) ತಗೊಳ್ಳಿ. ಬೆಳಿಗ್ಗೆ ಹುಲ್ಲು ಒದ್ದೆ ಇರತ್ತೆ, ಅದಕ್ಕೇ ಮತ್ತೆ ಹೇಳ್ತೀನಿ, ದಾರಿ ಬಿಟ್ಟು ಬಗ್ಗಿ ಇಳಿಸಬೇಡಿ, ಕಾಲು ಹೊರಗೆ ಹಾಕಬೇಡಿ. ಶೂ ತಳಕ್ಕೆ ಹೊಸ ಸಾಫ್ಟ್ ಸ್ಪೈಕ್ (ಪ್ಲಾಸ್ಟಿಕ್ ಹಲ್ಲುಗಳು) ಹಾಕ್ಸಿ, ಸವೆದಿದ್ರೆ ಇಳಿಜಾರಲ್ಲಿ ನಿಲ್ಲೋಕಾಗಲ್ಲ. ಡ್ರೈವರ್ ಅನ್ನೋ ಉದ್ದದ ಕ್ಲಬ್ಬಿನ ತಲೆ ಬಿಚ್ಚೋ ಹಾಗಿದ್ರೆ ಬಿಚ್ಚಿ ಟವೆಲಲ್ಲಿ ಸುತ್ತಿ ಪ್ಯಾಕ್ ಮಾಡಿ.

ಬೀಗರ 5 ಐರನ್ ಈಗ ಎಷ್ಟು ಗಜ ಹೋಗ್ತಿದೆ ಕೇಳಿ ಇಲ್ಲೇ ಹಾಕಮ್ಮ.