ರೈಲ್ವೆ ಹಳಿಗೆ ಅರ್ಥಿಂಗ್ ಇದೆ, ಮೆಟ್ರೋ ಹಳಿಗೆ ಏಕಿಲ್ಲ?

ಪ್ರಶ್ನೆ:
ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿ. ಬೈಯಪ್ಪನಹಳ್ಳಿಯಲ್ಲಿ ರೈಲ್ವೆ ಮತ್ತು ಮೆಟ್ರೋ ಮಾರ್ಗಗಳು ಹತ್ತಿರದಲ್ಲೇ ಇವೆ. ರೈಲ್ವೆ ಬದಿಯಲ್ಲಿ ಕಂಬದ ಬುಡದಿಂದ ಹಳಿಯವರೆಗೆ ಕಬ್ಬಿಣದ ಪಟ್ಟಿ ಎಳೆದು ಬೋಲ್ಟ್ ಬಿಗಿದಿರುವುದು ಕಾಣುತ್ತದೆ. ಮೆಟ್ರೋ ಹಳಿಗಳನ್ನು ಮಾತ್ರ ನೆಲದಿಂದ ಬೇಕೆಂದೇ ಬೇರ್ಪಡಿಸುತ್ತಾರೆ ಎಂದು ಓದಿದೆ. ಲೋಹವನ್ನೆಲ್ಲ ಅರ್ಥ್ ಮಾಡಬೇಕೆಂದು ಕಲಿತ ನನಗೆ ಇದು ಒಗಟಾಗಿದೆ. ಅಲ್ಲದೆ, ಗಾಲಿಗೂ ಬೋಗಿಯ ಮೈಗೂ ನಡುವೆ ಗ್ರೀಸ್ ತುಂಬಿದ ಬೇರಿಂಗ್ ಇರುವಾಗ ಕರೆಂಟು ಹಳಿಗೆ ಇಳಿಯುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಎರಡೂ ಕಡೆ ಕರೆಂಟು ಸಬ್‌ಸ್ಟೇಷನ್ನಿಗೆ ಮರಳುವ ಮುಖ್ಯ ದಾರಿ ಹಳಿಯೇ. ರೈಲ್ವೆಯದು 25 ಕಿಲೋವೋಲ್ಟ್, 50 ಹರ್ಟ್ಜ್ ಎಸಿ. ಕಂಬದ ಇನ್ಸುಲೇಟರ್ ಒಡೆದರೆ ಕರೆಂಟು ಆ ಪಟ್ಟಿಯ ಮೂಲಕ ಹಳಿಗೆ ಹರಿದು ಬ್ರೇಕರ್ ಕೂಡಲೇ ಟ್ರಿಪ್ ಆಗಬೇಕು. ಪಟ್ಟಿ ಇರುವುದು ಅದಕ್ಕಾಗಿ.

ನಮ್ಮ ಮೆಟ್ರೋದಲ್ಲಿ ಮೂರನೇ ಹಳಿಯಿಂದ ಬರುವುದು 750 ವೋಲ್ಟ್ ಡಿಸಿ. ವೋಲ್ಟೇಜ್ ಕಡಿಮೆಯಾದ್ದರಿಂದ ಆಂಪೇರು ಸಾವಿರಗಳಲ್ಲಿರುತ್ತದೆ. ಗಾಲಿ ಓಡುವ ಹಳಿಯನ್ನು ನೆಲಕ್ಕೆ ಜೋಡಿಸಿದರೆ ಅದರಲ್ಲೊಂದು ಪಾಲು ಮೇಲ್ಸೇತುವೆಯ ಸರಳುಗಳಿಗೂ ನೆಲದಡಿಯ ನೀರಿನ ಕೊಳವೆಗಳಿಗೂ ನುಗ್ಗಿ, ಎಲ್ಲಿ ಆ ಲೋಹವನ್ನು ಬಿಟ್ಟು ಹೊರಡುತ್ತದೆಯೋ ಅಲ್ಲಿ ಕಬ್ಬಿಣವನ್ನು ಕರಗಿಸುತ್ತದೆ. ಒಂದು ಆಂಪೇರ್ ಡಿಸಿ ಒಂದು ವರ್ಷ ಹೀಗೆ ಸೋರಿದರೆ ಸುಮಾರು 9 ಕಿಲೋ ಕಬ್ಬಿಣ ಹೋಗುತ್ತದೆ, ಅದೂ ಕಾಂಕ್ರೀಟಿನೊಳಗೆ, ಕಣ್ಣಿಗೆ ಬೀಳದ ಹಾಗೆ. ಎಸಿಯಲ್ಲಿ ಈ ಹಾನಿ ಬಹಳ ಕಡಿಮೆ. ಹಾಗೆಂದು ಡಿಸಿ ಮಾರ್ಗಗಳಲ್ಲಿ ಪ್ರಯಾಣಿಕರ ಸುರಕ್ಷತೆಯನ್ನು ಕೈಬಿಟ್ಟಿಲ್ಲ: ನಿಲ್ದಾಣಗಳಲ್ಲಿ ಹಳಿ ಮತ್ತು ನೆಲದ ನಡುವಿನ ವೋಲ್ಟೇಜನ್ನು ಅಳೆಯುತ್ತಿರುವ ಸಾಧನವೊಂದು, ಮಿತಿ ಮೀರಿದಾಗ ಎರಡನ್ನೂ ಜೋಡಿಸಿಬಿಡುತ್ತದೆ.

ಉತ್ತರ 2:
ಬೋಗಿಯ ವಿಷಯ ನಾನು ಹೇಳುತ್ತೇನೆ. ಅಚ್ಚಿನ ತುದಿಯಲ್ಲಿ ಕಾರ್ಬನ್ ಬ್ರಷ್ ಒಂದನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಕೇಬಲ್‌ನಿಂದ ಬಂದ ಕರೆಂಟು ಬ್ರಷ್, ಅಚ್ಚು, ಗಾಲಿಯ ಮೂಲಕ ಹಳಿಗೆ ಇಳಿಯುತ್ತದೆ. ಬೇರಿಂಗ್ ಪಕ್ಕಕ್ಕೆ ಉಳಿಯುತ್ತದೆ. ಬ್ರಷ್ ಸವೆದು ಮುಟ್ಟದೇ ಹೋದರೆ ಕರೆಂಟು ಗ್ರೀಸಿನ ತೆಳು ಪದರವನ್ನು ಸೀಳಿಕೊಂಡು ಕಿಡಿಯಾಗಿ ಹಾಯುತ್ತದೆ. ಅಂಥ ಬೇರಿಂಗನ್ನು ಬಿಚ್ಚಿ ನೋಡಿದರೆ ಉರುಳೆ ಓಡುವ ದಾರಿಯುದ್ದಕ್ಕೂ ಬೀಸುಕಲ್ಲಿನ ಕಚ್ಚುಗಳಂತೆ ಅಡ್ಡಗೆರೆಗಳು ಮೂಡಿರುತ್ತವೆ, ಗ್ರೀಸ್ ಕಪ್ಪಾಗಿರುತ್ತದೆ. ಬ್ರಷ್ಷಿನ ಬೆಲೆ ಬೇರಿಂಗಿನ ಮುಂದೆ ಏನೇನೂ ಅಲ್ಲ, ಆದ್ದರಿಂದ ತಪಾಸಣೆಯಲ್ಲಿ ಅದರ ಉದ್ದವನ್ನು ಅಳೆಯದೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 3:
ಮೊದಲ ಉತ್ತರಕ್ಕೊಂದು ತಿದ್ದುಪಡಿ. ಪ್ರತಿ ಕಂಬವನ್ನೂ ಹಳಿಗೆ ಬಿಗಿಯುವುದಿಲ್ಲ. ಎರಡೂ ಹಳಿಗಳು ಸಿಗ್ನಲ್ಲಿನ ಟ್ರ್ಯಾಕ್ ಸರ್ಕ್ಯೂಟಿಗೆ (ಹಳಿಯ ಮೇಲೆ ರೈಲು ಇದೆಯೇ ಎಂದು ತಿಳಿಸುವ ವಿದ್ಯುತ್ ಮಂಡಲ) ಬಳಕೆಯಾಗುವ ಕಡೆ ಕಂಬಗಳನ್ನು ಪ್ರತ್ಯೇಕ ಅರ್ಥ್ ತಂತಿಯಿಂದ ಜೋಡಿಸುತ್ತಾರೆ.

ತರಬೇತಿಗೆ ಹೋದಾಗ ಬಾಂಡ್ (ಹಳಿಗೆ ಬಿಗಿದ ಇಂಥ ಜೋಡಣೆಯ ಪಟ್ಟಿ) ಬಿಚ್ಚಿಕೊಂಡಿರುವುದು ಕಂಡರೆ ಮುಟ್ಟಬೇಡಿ, ಮೇಲಿನವರಿಗೆ ತಿಳಿಸಿ. ಸರಿಯಾಗಿ ಕೂತ ಬಾಂಡಿನ ಎರಡು ತುದಿಗಳ ನಡುವೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಬಿಚ್ಚಿದ ತುದಿಗಳ ನಡುವೆ ಪ್ರಾಣ ತೆಗೆಯುವಷ್ಟು ಇರಬಹುದು. ಹಳಿ ಬದಲಿಸುವ ಗ್ಯಾಂಗಿನವರು ಮೊದಲು ತಾತ್ಕಾಲಿಕ ಜಂಪರ್ (ಎರಡೂ ಬದಿಯ ಹಳಿಯನ್ನು ಜೋಡಿಸುವ ತಂತಿ) ಕಟ್ಟಿ, ಆಮೇಲಷ್ಟೇ ಹಳಿ ಕತ್ತರಿಸಬೇಕೆಂಬ ನಿಯಮ ಇರುವುದೂ ಇದೇ ಕಾರಣಕ್ಕೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಡಿಪೋದಲ್ಲಿ ನೆಲದ ಮೇಲೆ ನಿಂತು ಬೋಗಿ ಮುಟ್ಟಿ ಕೆಲಸ ಮಾಡುವವರ ಗತಿ ಏನು?

ಉತ್ತರ 1:
ಒಳ್ಳೆಯ ಪ್ರಶ್ನೆ. ಡಿಸಿ ಮಾರ್ಗಗಳ ಡಿಪೋ ವರ್ಕ್‌ಶಾಪಿನ ಹಳಿಗಳನ್ನು ಸಾಮಾನ್ಯವಾಗಿ ನೆಲಕ್ಕೆ ಜೋಡಿಸಿಯೇ ಇರುತ್ತಾರೆ. ಅಲ್ಲಿಂದ ಕರೆಂಟು ಸೋರದಂತೆ, ಮುಖ್ಯ ಮಾರ್ಗದ ಕಡೆಗೆ ಹೋಗುವ ಹಳಿಯಲ್ಲಿ ಇನ್ಸುಲೇಟೆಡ್ ಜಾಯಿಂಟ್ ಹಾಕಿ ಎರಡನ್ನೂ ಬೇರ್ಪಡಿಸುತ್ತಾರೆ.