ವಾರಕ್ಕೆ 5 ದಿನ ಸರ್ಕಿಟ್ ಮಾಡಿದರೂ ದಮ್ಮು ಏರುತ್ತಿಲ್ಲ, ಏನು ಮಾಡಲಿ?

ಬೆಟ್ಟದ_ಓಟ:
ನನಗೆ 34 ವರ್ಷ, 74 ಕೆಜಿ, ಊರು ಮೈಸೂರು. ಆರೇಳು ವರ್ಷದಿಂದ ಜಿಮ್ ಬಿಟ್ಟಿಲ್ಲ. 10 ಕಿಲೋಮೀಟರ್ 48 ನಿಮಿಷಕ್ಕೆ ಓಡುತ್ತೇನೆ, ಡೆಡ್‌ಲಿಫ್ಟ್ 140 ಎತ್ತುತ್ತೇನೆ, ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತುತ್ತೇನೆ. ಹಾಗಾಗಿ ಹೊಸಬರಿಗೆ ಹೇಳುವ ಸಲಹೆ ಬೇಡ, ದಯವಿಟ್ಟು.

ಮೂರು ತಿಂಗಳ ಹಿಂದೆ ಸರ್ಕಿಟ್, ಅಂದರೆ ಬೇರೆ ಬೇರೆ ವ್ಯಾಯಾಮ ಒಂದಾದ ಮೇಲೊಂದು ಸುತ್ತು ಸುತ್ತಾಗಿ ಮಾಡುವುದು, ಶುರು ಮಾಡಿದೆ. 24 ಕೆಜಿ ಕೆಟಲ್‌ಬೆಲ್ ಸ್ವಿಂಗ್ (ಹಿಡಿ ಇರುವ ಕಬ್ಬಿಣದ ಗುಂಡು ಬೀಸುವುದು), ಪುಲ್ ಅಪ್, ಫಾರ್ಮರ್ಸ್ ವಾಕ್ (ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು), ಬರ್ಪಿ (ನೆಲಕ್ಕೆ ಹೋಗಿ ಎದ್ದು ಜಿಗಿಯುವುದು), ಬಾಕ್ಸ್ ಜಂಪ್, ಪುಷ್ ಅಪ್, ಲಂಜ್, ಪ್ಲ್ಯಾಂಕ್, ಇದೇ ಕ್ರಮದಲ್ಲಿ. 40 ಸೆಕೆಂಡ್ ಕೆಲಸ, 20 ಸೆಕೆಂಡ್ ಬಿಡುವು, 4 ಸುತ್ತು, ವಾರಕ್ಕೆ 5 ದಿನ. ಮೊದಲ ತಿಂಗಳು ಸಖತ್ತಾಗಿತ್ತು, ನಾಡಿ 170ರವರೆಗೆ ಹೋಗುತ್ತಿತ್ತು. ಈಗ ಎಷ್ಟೇ ಒದ್ದಾಡಿದರೂ 150 ದಾಟುತ್ತಿಲ್ಲ, ಸುಸ್ತು ಮಾತ್ರ ಮೊದಲಿಗಿಂತ ಜಾಸ್ತಿ. ಮೊದಲ ಸುತ್ತಿನಲ್ಲಿ 24 ಸ್ವಿಂಗ್ ಆಗುತ್ತೆ, ನಾಲ್ಕನೆಯದರಲ್ಲಿ 15. ಬೆಳಿಗ್ಗೆ ಏಳುವಾಗ 52 ಇರುತ್ತಿದ್ದ ನಾಡಿ ಈಗ 60. ಬಿಡುವು ಇನ್ನೂ ಕಡಿಮೆ ಮಾಡಲಾ, ಇಲ್ಲ ಆರನೇ ದಿನ ಸೇರಿಸಲಾ?

ಕಬ್ಬಿಣದ_ಗುಂಡು:
ಎರಡೂ ಬೇಡ ಗುರೂ. ನಿಮ್ಮ ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. 24 ಇದ್ದದ್ದು 15ಕ್ಕೆ ಇಳಿದ ಮೇಲೆ ನೀವು ಮಾಡುತ್ತಿರುವುದು ಜೋರು ವ್ಯಾಯಾಮ ಅಲ್ಲ, ಸುಮ್ನೆ ದಣಿವು.

ತಬಾಟಾ ಅಂತ ಎಲ್ಲರೂ ಹೇಳುತ್ತಾರಲ್ಲ, 1996ರಲ್ಲಿ ಜಪಾನಿನ ಇಝುಮಿ ತಬಾಟಾ ಪ್ರಕಟಿಸಿದ ಅಧ್ಯಯನ, ಅದರಲ್ಲಿ ಭಾಗವಹಿಸಿದವರೂ ನಿಮ್ಮ ಹಾಗೆ ಮೊದಲೇ ಗಟ್ಟಿ ಇದ್ದ ಹುಡುಗರು. ಸೈಕಲ್ ಯಂತ್ರದ ಮೇಲೆ 20 ಸೆಕೆಂಡ್ ತುಳಿ, 10 ಸೆಕೆಂಡ್ ಬಿಡು. ಹೊರೆ ಎಷ್ಟು ಗೊತ್ತಾ, ವಿಓ2 ಮ್ಯಾಕ್ಸ್‌ನ ಶೇ. 170ರಷ್ಟು (ವಿಓ2 ಮ್ಯಾಕ್ಸ್ ಅಂದರೆ ದೇಹ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ). ಏಳೆಂಟು ಸಲಕ್ಕೆ ಮುಗೀತು. ನಿಮಿಷಕ್ಕೆ 90 ಸುತ್ತು ತುಳಿಯಬೇಕಿತ್ತು, 85ಕ್ಕಿಂತ ಕೆಳಗೆ ಬಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆ 85ರ ಗೆರೆಯನ್ನೇ ಎಲ್ಲರೂ ಮರೆತು ಬರೀ 20-10 ಅನ್ನುವುದನ್ನು ಹಿಡಿದುಕೊಂಡಿದ್ದಾರೆ, ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ. ವೇಗ ಬಿದ್ದರೆ ಆಟ ಮುಗಿಯಿತು, ಅಷ್ಟೇ.

ಇನ್ನೊಂದು. ನಿಮ್ಮ ಮೊದಲ ಮೂರೂ ಮುಷ್ಟಿಯ ಕೆಲಸ. ಸ್ವಿಂಗ್ ಹಿಡಿಯಬೇಕು, ಪುಲ್ ಅಪ್ ಹಿಡಿಯಬೇಕು, ಫಾರ್ಮರ್ಸ್ ವಾಕ್ ಅಂದರೆ ಹಿಡಿಯುವುದೇ. ಎದೆ ಏದುಸಿರು ಬಿಡುವುದಕ್ಕೆ ಮೊದಲೇ ಕೈ ಸೋಲುತ್ತಿದೆ. ನಾಡಿ 150ರಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಐದೇ ವ್ಯಾಯಾಮ ಇಟ್ಟುಕೊಳ್ಳಿ: ಸ್ವಿಂಗ್, ಪುಷ್ ಅಪ್, ಬಾಕ್ಸ್ ಜಂಪ್, ಪುಲ್ ಅಪ್, ಬರ್ಪಿ. 30 ಸೆಕೆಂಡ್ ಪೂರ್ತಿ ಜೋರಿನಲ್ಲಿ, 30 ಬಿಡುವು, ಸುತ್ತು ಮುಗಿದ ಮೇಲೆ 3 ನಿಮಿಷ ಸುಮ್ಮನೆ ನಡೆಯಿರಿ. ವಾರಕ್ಕೆ ಎರಡೇ ದಿನ, ಮಧ್ಯೆ 48 ಗಂಟೆಯಾದರೂ ಇರಲಿ. ಉಳಿದ ದಿನ ಮಾತಾಡುತ್ತಾ ಓಡುವಷ್ಟು ನಿಧಾನದ ಓಟ, ಒಂದು ದಿನ ಭಾರ. ಮೊದಲ ಸುತ್ತಿನ ಎಣಿಕೆ ಬರೆದಿಟ್ಟುಕೊಳ್ಳಿ, ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಮನೆಗೆ ಹೋಗಿ. ವಾರಕ್ಕೆ ಐದು ದಿನ ಮಾಡೋಕಾಗುತ್ತೆ ಅಂದರೆ ಅದು ಅಷ್ಟು ಜೋರಾಗಿಲ್ಲ ಅಂತಲೇ ಅರ್ಥ.

ಗರಡಿ_ಮಣ್ಣು:
ಮೇಲಿನವರು ಹೇಳಿದ್ದು ಸರಿ. ನಾನು ಚಿಕ್ಕವನಿದ್ದಾಗ ಗರಡಿಗೆ ಹೋಗುತ್ತಿದ್ದೆ. ಸಾಮು ಮಾಡುವಾಗ ನಮ್ಮ ಉಸ್ತಾದರು ನಮ್ಮ ಎಣಿಕೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಸೊಂಟ ನೋಡುತ್ತಿದ್ದರು. ದಂಡ ಹೊಡೆಯುವಾಗ ಸೊಂಟ ಒಂದು ಸಲ ಜೋತು ಬಿದ್ದರೆ ಅಂಗೈಯಿಂದ ಬೆನ್ನು ತಟ್ಟುತ್ತಿದ್ದರು. ಏಳು ಅಂತ ಅರ್ಥ. ಎದ್ದು, ಅಂಗೈಗೆ ಅಂಟಿದ ಕೆಂಪು ಮಣ್ಣು ಒರೆಸಿಕೊಂಡು, ಉಸಿರು ಮೂಗಿಗೆ ವಾಪಸ್ ಬರುವವರೆಗೆ ಗೋಡೆ ಪಕ್ಕ ನಿಲ್ಲಬೇಕಿತ್ತು. ಆಮೇಲೇ ಬಸ್ಕಿ. ಗಡಿಯಾರ ಇರಲೇ ಇಲ್ಲ ಅಲ್ಲಿ. ಬಾಯಲ್ಲಿ ಉಸಿರಾಡುತ್ತಿದ್ದರೆ ಬಿಡುವು ಮುಗಿದಿಲ್ಲ ಅಂತ ಲೆಕ್ಕ, ನಾನು ಈಗಲೂ ಹಾಗೇ ಮಾಡುತ್ತೇನೆ.

ಮಂಡಿ_ಸೊಂಟ:
ನಾನು ಫಿಸಿಯೋ. ಬೆಳಗಿನ ನಾಡಿ 8 ಜಾಸ್ತಿಯಾಗಿ ಹಾಗೇ ನಿಂತಿದ್ದರೆ ಮೊದಲು ಒಂದು ವಾರ ಪೂರ್ತಿ ಹಗುರ ಮಾಡಿ, ನಿದ್ದೆ ಸರಿ ಮಾಡಿಕೊಳ್ಳಿ, ಆಮೇಲೆ ಹೊಸ ಕ್ರಮ. ವಾರ ಕಳೆದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಜ್ವರ ಇದ್ದ ದಿನ ಮುಟ್ಟಲೇಬೇಡಿ.

ಗಟ್ಟಿ ಇರುವವರೇ ಗಮನಿಸಬೇಕಾದದ್ದು ಇನ್ನೊಂದಿದೆ, ಯಾಕೆಂದರೆ ಅವರಿಗೆ ನೋವು ತಡೆದುಕೊಂಡು ಅಭ್ಯಾಸ. ವಿಪರೀತ ವ್ಯಾಯಾಮದ ಮರುದಿನ ಅಥವಾ ಅದರ ಮಾರನೇ ದಿನ ಮೂತ್ರ ಹಾಲು ಹಾಕದ ಟೀ ಬಣ್ಣಕ್ಕೆ ಬಂದರೆ, ಮಾಂಸಖಂಡ ಊದಿ ಕೈ ಮಡಚಲು ಆಗದಿದ್ದರೆ, ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದಾಗ ಹೀಗಾಗುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಎದೆ ನೋವು, ತಲೆ ತಿರುಗಿ ಬೀಳುವುದು, ಇವೂ ಅಷ್ಟೇ.

ಬೆಟ್ಟದ_ಓಟ:
ಐದು ವಾರ ಆಯ್ತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ. ಮೊದಲ ವಾರ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ ಮಂಗಳವಾರ, ಶನಿವಾರ ಮಾತ್ರ. ಮೊನ್ನೆ ಸ್ವಿಂಗ್ 20, 20, 19, 18, ನಾಡಿ 174. ಬೆಳಗಿನದು 53ಕ್ಕೆ ಬಂದಿದೆ. ಹಿಂದಿನ ಶನಿವಾರ ಮೂರನೇ ಸುತ್ತಿನಲ್ಲೇ 15ಕ್ಕೆ ಬಿತ್ತು, ರಾತ್ರಿ ನಿದ್ದೆ ಆಗಿರಲಿಲ್ಲ, ಅಲ್ಲೇ ನಿಲ್ಲಿಸಿ ಹೊರಟೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗರಡಿಯವರೇ, ಪುಷ್ ಅಪ್ ಜಾಗದಲ್ಲಿ ದಂಡ ಹಾಕಬಹುದಾ?

ಗರಡಿ_ಮಣ್ಣು:
ಧಾರಾಳವಾಗಿ ಹಾಕಿ. ಆದರೆ ಭುಜ ಒಗ್ಗುವವರೆಗೆ ಎರಡು ವಾರ ಸರ್ಕಿಟ್ ಹೊರಗೆ, ನಿಧಾನವಾಗಿ, 10-10 ಹೊಡೆಯಿರಿ. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಸೊಂಟ ನೋಡಲು ಹೇಳಿ.