"ಒಂದು ಚೂರು ತಿಂದರೆ ಏನಾಗ್ತದ" ಅನ್ನುವವರಿಗೆ ಹೇಗೆ ಹೇಳೋದು?

ಹುಬ್ಬಳ್ಳಿ ತಾಯಿ:
ಮಗಳಿಗೆ ಆರು ವರ್ಷ. ದಮ್ಮು ಇದೆ, ಜೊತೆಗೆ ಶೇಂಗಾ ಆಗಿಬರಲ್ಲ. ಹೋದ ಪಂಚಮಿಗೆ ಪಕ್ಕದ ಮನೆ ಅಜ್ಜಿ ಪ್ರೀತಿಯಿಂದಲೇ ಚೂರು ಶೇಂಗಾ ಉಂಡಿ ಬಾಯಿಗಿಟ್ಟರು. ಹತ್ತೇ ನಿಮಿಷ, ತುಟಿ ಊದಿತು, ಮೈತುಂಬ ದದ್ದು, ಆಮೇಲೆ ಎದೆಯೊಳಗೆ ಸುಂಯ್ ಸುಂಯ್ ಅಂತ ಸಪ್ಪಳ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೇ ಇಳಿದದ್ದು. ಈಗ ಮತ್ತೆ ಶ್ರಾವಣ ಬಂತು. ಶಾಲೆಯವರು "ಸರಿ ಮೇಡಂ" ಅಂದು ಸುಮ್ಮನಾಗ್ತಾರೆ, ಓಣಿಯವರಿಗೆ ನಾನು ಸೊಕ್ಕಿನವಳು. ಏನು ಮಾಡ್ಲಿ?

ಧಾರವಾಡ ಟೀಚರ್:
ನಾನೂ "ಸರಿ ಮೇಡಂ" ಅಂದವಳೇ. ಅಲರ್ಜಿ ಅಂದರೆ ತುರಿಕೆ ಅಂದ್ಕೊಂಡಿದ್ದೆ. ಒಬ್ಬ ತಂದೆ ಮಗುವಿನ ಫೋಟೋ ಅಂಟಿಸಿ, ಏನು ಕೊಡಬಾರದು, ತುಟಿ ಊದಿದರೆ ಮೊದಲು ಏನು ಮಾಡಬೇಕು, ಯಾರಿಗೆ ಫೋನ್ ಹಚ್ಚಬೇಕು ಅಂತ ಒಂದೇ ಹಾಳೆಯಲ್ಲಿ ಬರೆದು ತಂದರು, ಸ್ಪೇಸರ್ ಅನ್ನೋ ಕೊಳವೆಗೆ ದಮ್ಮಿನ ಪಂಪ್ (ಇನ್‌ಹೇಲರ್) ಸಿಕ್ಕಿಸಿ ಕೈಯಾರೆ ತೋರಿಸಿದರು. ಆಗ ತಲೆಗೆ ಹೋಯ್ತು. ಡಬ್ಬಿ ಬದಲಾಯಿಸಿ ಉಣ್ಣೋದನ್ನು ಮಾತ್ರ ತಡೆಯೋದು ಕಷ್ಟ ಕಣ್ರೀ.

ಗದಗ ಖಾನಾವಳಿ:
ಹೋಟೆಲಲ್ಲಿ "ಶೇಂಗಾ ಹಾಕಬೇಡಿ" ಅಂದರೆ ಸಾಲದು. ಎಣ್ಣೆಗಾಯಿ ಮಸಾಲೆಯಲ್ಲಿ ಶೇಂಗಾ ಪುಡಿ ಬೆಳಿಗ್ಗೆಯೇ ಕಲಸಿರುತ್ತದೆ, ಅದೇ ಸೌಟು ಪಕ್ಕದ ಪಲ್ಯಕ್ಕೂ ಹೋಗುತ್ತದೆ. "ಒಳಗೆ ಏನೇನಿದೆ" ಅಂತ ಕೇಳಿ. ಪ್ಯಾಕೆಟ್ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ನಿಯಮದಂತೆ ಶೇಂಗಾ, ಹಾಲು, ಮೊಟ್ಟೆ, ಸೋಯಾ ಇದ್ದರೆ ಬರೆಯಲೇಬೇಕು, ಇರುವೆ ಸಾಲಿನಂಥ ಅಕ್ಷರ ಬಿಡಿ. ತೂಕಕ್ಕೆ ಕೊಡೋ ಚೂಡಾಕ್ಕೆ ಅದೂ ಇಲ್ಲ.

ಓಣಿಯ ಅಣ್ಣ:
ಅಲರ್ಜಿ ಗುಳಿಗೆ ಕೊಟ್ಟರೆ ಆಯ್ತಲ್ವಾ?

ನರ್ಸ್ ಅಕ್ಕ:
ಅದೇ ತಪ್ಪು. ಗುಳಿಗೆ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರು ಬಿಡಿಸಲ್ಲ. ಮೊದಲು ಅಡ್ರಿನಲಿನ್, ಜೊತೆಗೇ 108. ಮಗುವನ್ನು ನಡೆಸಬೇಡಿ, ಉಸಿರು ಕಟ್ಟುತ್ತಿದ್ದರೆ ಕೂರಿಸಿ, ಇಲ್ಲದಿದ್ದರೆ ಮಲಗಿಸಿ ಕಾಲು ಎತ್ತರಕ್ಕಿಡಿ. ಮನೆಯಲ್ಲಿ ಏನು ಇಟ್ಟುಕೊಳ್ಳಬೇಕು, ಎಷ್ಟು ಡೋಸ್ ಅನ್ನೋದನ್ನು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ.

ಬ್ಯಾಡಗಿಯವ:
ದಮ್ಮು ಹತೋಟಿಯಲ್ಲಿ ಇಲ್ಲದಿದ್ದರೆ ಅಲರ್ಜಿ ಇನ್ನೂ ಜಾಸ್ತಿ ಅಪಾಯ ಅಂತ ನಮ್ಮ ಡಾಕ್ಟರ್ ಹೇಳಿದ್ರು. ನಾನು ಮೆಣಸಿನಕಾಯಿ ಚೀಲ ಸುರಿಯೋ ಕೆಲಸದವ. "ಪಂಪ್ ಹಿಡಿದರೆ ಚಟ ಆಗ್ತದ" ಅನ್ನೋ ಮಾತು ಕೇಳಿ ದಿನಾ ತಗೋಬೇಕಾದ್ದನ್ನು ಬಿಟ್ಟು, ಉಸಿರು ಕಟ್ಟಿದಾಗ ಮಾತ್ರ ನೀಲಿ ಪಂಪ್ ಒತ್ತಿಕೊಳ್ತಿದ್ದೆ. ಶ್ವಾಸನಾಳದ ಬಾವು ಇಳಿಸೋದು ಆ ದಿನಾ ತಗೊಳ್ಳೋ ಪಂಪೇ. ಮಗಳಿಗೆ ತಪ್ಪಿಸಬೇಡ್ರಿ.

ಹುಬ್ಬಳ್ಳಿ ತಾಯಿ:
ಹಾಳೆ ಬರೆದೆ. ಅಜ್ಜಿಗೂ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ರವಾ ಉಂಡಿ ಬೇರೆ ಬುಟ್ಟಿಯೊಳಗ ಕಟ್ಟತೀನಿ, ಶೇಂಗಾ ಹುರಿಯೋಕಿಂತ ಮೊದಲ" ಅಂದರು.